ಪ್ರೋಟೀನಿನ ರಚನೆಯ ನಾಲ್ಕು ಹಂತಗಳು: ತೊಗರಿಬೇಳೆಯಿಂದ ಆರಂಭಿಸುವ ಪಾಠ

ಜಹೀರಾಬಾದ್, ನಾರಾಯಣಖೇಡ ಹಾಗೂ ತಾಂಡೂರು ಭಾಗದ ಕನ್ನಡ ಮಾಧ್ಯಮದ ಮಕ್ಕಳಿಗೆ ಪ್ರೋಟೀನು ಒಂದೇ ಹೆಸರಿನಿಂದ ಪರಿಚಯವಾಗುವುದಿಲ್ಲ. ಹಳೆಯ ಕನ್ನಡ ಪುಸ್ತಕಗಳಲ್ಲಿ ಅದು ಸಸಾರಜನಕ; ತೆಲುಗಿನಲ್ಲಿ ಮಾಂಸಕೃತ್ತುಲು. ಎರಡನೆಯ ಹೆಸರನ್ನು ಕೇಳಿದ ಮಗು ಪ್ರೋಟೀನು ಮಾಂಸದಲ್ಲಿ ಮಾತ್ರ ಇರುತ್ತದೆಂದು ಭಾವಿಸಿದರೆ ತಪ್ಪು ಮಗುವಿನದಲ್ಲ. ಆದುದರಿಂದ ಪಾಠವನ್ನು ತೊಗರಿಬೇಳೆಯಿಂದ ಆರಂಭಿಸುವುದು ಉಚಿತ. 2022ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ತಾಂಡೂರಿನ ತೊಗರಿ ಸುತ್ತಲಿನ ಹೊಲಗಳದೇ ಬೆಳೆ. 100 ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇರುತ್ತದೆ.

ಬೇಳೆ ಬೆಂದಾಗ ಈ ಪ್ರೋಟೀನು ಏನಾಗುತ್ತದೆ? ‘ಶಾಖಕ್ಕೆ ನಾಶವಾಗುತ್ತದೆ’ ಎಂಬ ಉತ್ತರ ತರಗತಿಗಳಲ್ಲಿ ಆಗಾಗ ಕೇಳಿಬರುತ್ತದೆ. ರಚನೆಯ ಹಂತಗಳು ತಿಳಿಯದೆ ಇದನ್ನು ತಿದ್ದಲಾಗದು.

ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಪೆಪ್ಟೈಡ್ ಬಂಧಗಳಿಂದ ಸರಪಳಿಯಾಗಿ ಜೋಡಣೆಗೊಂಡಿರುತ್ತವೆ. ಯಾವುದರ ಮುಂದೆ ಯಾವುದು ಎಂಬ ಕ್ರಮವೇ ಪ್ರಾಥಮಿಕ ರಚನೆ. ಈ ಕ್ರಮದ ಮಹತ್ವ ಅರಿಯಲು ಒಂದು ಉದಾಹರಣೆ ಸಾಕು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಆರನೆಯದಾದ ಗ್ಲುಟಾಮಿಕ್ ಆಮ್ಲದ ಸ್ಥಾನಕ್ಕೆ ವ್ಯಾಲೀನ್ ಬಂದು, ಆ ಬದಲಾವಣೆ ತಂದೆತಾಯಿ ಇಬ್ಬರಿಂದಲೂ ಇಳಿದರೆ, ಮಗುವಿನ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುತ್ತವೆ.

ಸರಪಳಿಯ ಭಾಗಗಳು ಜಲಜನಕ ಬಂಧಗಳಿಂದ ಆಲ್ಫಾ ಸುರುಳಿಯಾಗಿಯೋ ಬೀಟಾ ಹಾಳೆಯಾಗಿಯೋ ಅಣಿಗೊಳ್ಳುವುದು ದ್ವಿತೀಯಕ ರಚನೆ. ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುದರಲ್ಲಿ ತಿರುಗಲಾರದು ಎಂಬುದನ್ನು ತೋರಿಸುವ ನಕ್ಷೆಯನ್ನು 1963ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಪ್ರಕಟಿಸಿದರು. ಇಡೀ ಸರಪಳಿ ಮಡಿಚಿಕೊಂಡು ನಿರ್ದಿಷ್ಟ ಆಕಾರ ತಾಳುವುದು ತೃತೀಯಕ ರಚನೆ. ಹಲವು ಸರಪಳಿಗಳು ಕೂಡಿದರೆ ಚತುರ್ಥಕ. ಹಿಮೋಗ್ಲೋಬಿನ್ನಿನಲ್ಲಿ ಅಂಥವು ನಾಲ್ಕು. ಎಲ್ಲ ಪ್ರೋಟೀನುಗಳಿಗೂ ಈ ಕೊನೆಯ ಹಂತ ಇರುವುದಿಲ್ಲ.

ಇದನ್ನು ಬೋಧಿಸಲು ಮಣಿಸರದ ಉಪಮೆ ರೂಢಿಯಲ್ಲಿದೆ. ಆದರೆ ಇಲ್ಲಿ ಮಣಿಗಳನ್ನು ಹಿಡಿದಿಡುವ ಬೇರೆ ದಾರವಿಲ್ಲ. ಮಣಿಯನ್ನು ಮಣಿಯೇ ಹಿಡಿದಿರುತ್ತದೆ. ಅಂಗಳದಲ್ಲಿ ಕೈ ಕೈ ಹಿಡಿದು ನಿಂತ ಮಕ್ಕಳ ಸಾಲೇ ಮೇಲು. ಸಾಲು ಮೊದಲು ಸುರುಳಿಯಾಗಲಿ, ಬಳಿಕ ಮಡಿಚಿ ಗುಂಪಾಗಲಿ, ಕೊನೆಗೆ ಇನ್ನೊಂದು ಗುಂಪಿನೊಡನೆ ಸೇರಲಿ. ‘ನೀರು ಕುದಿಯಿತು’ ಎಂದು ಶಿಕ್ಷಕರು ಹೇಳಿದೊಡನೆ ಗುಂಪು ಸಡಿಲಬೇಕು, ಸುರುಳಿ ಬಿಚ್ಚಬೇಕು. ಹಿಡಿದ ಕೈ ಮಾತ್ರ ಬಿಡಕೂಡದು.

ಬೇಳೆ ಬೇಯುವಾಗ ನಡೆಯುವುದೂ ಇದೇ. ಶಾಖಕ್ಕೆ ದುರ್ಬಲ ಬಂಧಗಳು ಕಳಚಿ ಮೇಲಿನ ಹಂತಗಳು ಕೆಡುತ್ತವೆ. ಪೆಪ್ಟೈಡ್ ಬಂಧಗಳು ಉಳಿಯುತ್ತವೆ. ಪೋಷಣೆಗೆ ಬೇಕಾದ ಅಮೈನೋ ಆಮ್ಲಗಳು ಬಹುಮಟ್ಟಿಗೆ ಅಲ್ಲಿಯೇ ಇರುತ್ತವೆ. ಹಸಿ ತೊಗರಿಯಲ್ಲಿ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವವನ್ನು ತಡೆಯುವ ಪ್ರೋಟೀನುಗಳೂ ಇವೆ. ಬೆಂದಾಗ ಅವುಗಳ ಆಕಾರ ಕೆಟ್ಟು ತಡೆಯುವ ಶಕ್ತಿ ಬಹುಪಾಲು ಕುಂದುತ್ತದೆ. ಬೆಂದ ಬೇಳೆ ಸುಲಭವಾಗಿ ಅರಗಲು ಇದೂ ಒಂದು ಕಾರಣ.

ಹಾಗಾದರೆ ಹಿಡಿದ ಕೈಗಳನ್ನು ಬಿಡಿಸುವವರು ಯಾರು? ಇಬ್ಬರು ಮಕ್ಕಳಿಗೆ ಪೆಪ್ಸಿನ್, ಟ್ರಿಪ್ಸಿನ್ ಎಂದು ಹೆಸರಿಟ್ಟು ಸಾಲಿನ ಬಳಿಗೆ ಕಳುಹಿಸಬೇಕು. ಮೊದಲನೆಯದು ಜಠರದಲ್ಲಿ, ಎರಡನೆಯದು ಸಣ್ಣ ಕರುಳಿನಲ್ಲಿ ಕೆಲಸ ಮಾಡುತ್ತದೆ.