ಮಗುವಿಗೆ ನಿಜ ಹೇಳಿ, ದೇವರ ಹೆಸರು ಬೇಡ

ಪ್ರಶ್ನೆ: ನಮ್ಮ ಮಗಳಿಗೆ ನಾಲ್ಕೂವರೆ ವರ್ಷ. ರಕ್ತದ ಕ್ಯಾನ್ಸರ್ (ಎಎಲ್‌ಎಲ್) ಎಂದು ತಿಳಿದು ಕಳೆದ ವಾರ ಕೀಮೋ ಶುರುವಾಗಿದೆ. ಕೂದಲು ಪೂರ್ತಿ ಉದುರುತ್ತದೆ ಎಂದಿದ್ದಾರೆ. ಅವಳಿಗೆ ಜಡೆ ಎಂದರೆ ಪ್ರಾಣ. ಮೊಗ್ಗಿನ ಜಡೆ ಹಾಕಿಸಿಕೊಂಡ ದಿನ ಕನ್ನಡಿ ಬಿಟ್ಟು ಕದಲುವುದಿಲ್ಲ. ‘ದೇವರಿಗೆ ಮುಡಿ ಕೊಟ್ಟೆವು ಅಂದರಾಯಿತು, ಮಗುವಿಗೇನು ತಿಳಿಯುತ್ತೆ’ ಎನ್ನುತ್ತಾರೆ ನಮ್ಮತ್ತೆ. ಏನು ಹೇಳಲಿ?
– ಹೆಸರು, ಊರು ಬೇಡ

ಉತ್ತರ: ನಿಮ್ಮ ಅತ್ತೆಯವರ ಮಾತನ್ನು ತೀರಾ ತಳ್ಳಿಹಾಕುವಂತಿಲ್ಲ. ಚೌಳಕ್ಕೋ ಹರಕೆಗೋ ಗುಂಡು ಮಾಡಿಸದ ಮಕ್ಕಳು ನಮ್ಮಲ್ಲಿ ಕಡಿಮೆ. ತಿರುಪತಿ, ಧರ್ಮಸ್ಥಳ, ಮಾದಪ್ಪನ ಬೆಟ್ಟದಿಂದ ಬರುವ ಬಸ್ಸಿನಲ್ಲಿ ಬೋಳುತಲೆಯ ಮಗುವನ್ನು ಕಂಡು ಯಾರೂ ಬೆಚ್ಚುವುದಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಮಗಳು ಪುಣ್ಯವಂತೆ. ಆದರೆ ಆ ಕಥೆಯನ್ನು ಅವಳಿಗೆ ಹೇಳಬೇಡಿ.

ಮುಡಿ ಕೊಟ್ಟ ಕೂದಲು ಒಂದೇ ಸಲಕ್ಕೆ ಹೋಗುತ್ತದೆ, ಕೆಲವೇ ದಿನಗಳಲ್ಲಿ ಚಿಗುರುತ್ತದೆ. ಕೀಮೋದ್ದು ಹಾಗಲ್ಲ. ಶುರುವಾದ ಎರಡು ಮೂರು ವಾರಕ್ಕೆ ದಿಂಬಿನ ಮೇಲೆ, ಸ್ನಾನದ ನೀರಿನಲ್ಲಿ, ಊಟದ ತಟ್ಟೆಯಲ್ಲಿ ಕೂದಲು ಕಾಣಿಸತೊಡಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಬರುವುದಿಲ್ಲ. ಕೆಲವರಿಗೆ ಹುಬ್ಬು, ರೆಪ್ಪೆಯೂ ಹೋಗುತ್ತವೆ. ‘ದೇವರಿಗೆ ಹುಬ್ಬೂ ಬೇಕಾ?’ ಎಂದು ಅವಳು ಕೇಳಿದರೆ ಅತ್ತೆಯವರ ಬಳಿಯೂ ಉತ್ತರ ಇರಲಾರದು.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಈ ವಯಸ್ಸಿನ ಮಕ್ಕಳು ಆಗುವ ಕೆಟ್ಟದ್ದಕ್ಕೆಲ್ಲ ತಾವೇ ಕಾರಣ ಎಂದುಕೊಳ್ಳುತ್ತಾರೆ. ತಮ್ಮನಿಗೆ ಹೊಡೆದೆ, ಊಟ ಚೆಲ್ಲಿದೆ, ಅದಕ್ಕೇ ಹೀಗಾಯಿತು ಅಂತ. ಅಂಥ ಮನಸ್ಸಿಗೆ ದೇವರು ಕೂದಲು ತೆಗೆದುಕೊಂಡ ಎಂದರೆ ಶಿಕ್ಷೆ ಎಂದೇ ಕೇಳಿಸೀತು. ಈ ಚಿಕಿತ್ಸೆ ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಡೆಯುವಂಥದ್ದು. ‘ಸೂಜಿ ಸ್ವಲ್ಪ ನೋಯುತ್ತೆ, ನಾನಿಲ್ಲೇ ಇರ್ತೀನಿ’ ಎಂದು ನೀವು ಹೇಳಿದಾಗಲೆಲ್ಲ ಅವಳು ನಂಬಬೇಕು. ಆ ನಂಬಿಕೆಯನ್ನು ಕೂದಲಿನ ವಿಷಯಕ್ಕೆ ಖರ್ಚು ಮಾಡಬಾರದು.

ನಿಜ ಹೇಳುವುದು ಕಷ್ಟವೇನಲ್ಲ. ಕೀಮೋ ಔಷಧಗಳು ಬೇಗಬೇಗ ಒಡೆದು ಹೆಚ್ಚುವ ಜೀವಕೋಶಗಳ ಮೇಲೆ ಬೀಳುತ್ತವೆ. ಕ್ಯಾನ್ಸರ್ ಕೋಶಗಳು ಅಂಥವು. ಕೂದಲಿನ ಬುಡದ ಕೋಶಗಳೂ ಅಂಥವೇ. ತಲೆಯ ನೂರು ಕೂದಲಲ್ಲಿ 85ರಿಂದ 90 ಯಾವಾಗಲೂ ಬೆಳೆಯುತ್ತಲೇ ಇರುತ್ತವೆ, ಅದಕ್ಕೇ ಇಷ್ಟೊಂದು ಉದುರುವುದು. ಮಗುವಿಗೆ ಇಷ್ಟು ಸಾಕು: ‘ನಿನ್ನ ರಕ್ತದಲ್ಲಿರೋ ಕಾಯಿಲೆ ಓಡಿಸೋಕೆ ಜೋರು ಔಷಧಿ ಕೊಡ್ತಿದಾರೆ ಪುಟ್ಟಿ. ಕಳೆ ಕೀಳುವಾಗ ಒಳ್ಳೆ ಗಿಡಾನೂ ಬಂದುಬಿಡುತ್ತಲ್ಲ, ಹಾಗೆ ಕೂದಲೂ ಉದುರುತ್ತೆ. ನೋಯಲ್ಲ. ನೀನೇನೂ ತಪ್ಪು ಮಾಡಿಲ್ಲ. ಮತ್ತೆ ಬರುತ್ತೆ.’ ಒಂದು ಸಲ ಹೇಳಿದರೆ ಸಾಲದು; ಹತ್ತು ಸಲ ಕೇಳುತ್ತಾಳೆ, ಹತ್ತು ಸಲವೂ ಅದನ್ನೇ ಹೇಳಿ. ತಮ್ಮನೋ ಅಕ್ಕನೋ ಇದ್ದರೆ ಇದು ಅಂಟುವುದಿಲ್ಲ ಎಂದು ಅವರಿಗೂ ತಿಳಿಸಿ.

ಉದುರುವ ಮೊದಲೇ ಕೂದಲನ್ನು ಗಿಡ್ಡ ಮಾಡಿಸುವುದು ಒಳ್ಳೆಯದು. ಉದ್ದ ಜಡೆ ಕೈಗೆ ಕಿತ್ತು ಬರುವುದನ್ನು ನೋಡುವುದಕ್ಕಿಂತ ಬಾಬ್ ಕಟ್ ಎಷ್ಟೋ ವಾಸಿ. ಎಷ್ಟು ಕತ್ತರಿಸಬೇಕು, ಯಾವ ಟೋಪಿ ಹಾಕಬೇಕು ಎಂಬುದನ್ನು ಅವಳೇ ಆರಿಸಲಿ. ಆಸ್ಪತ್ರೆಯಲ್ಲಿ ಅವಳ ಇಷ್ಟಕ್ಕೆ ಬಿಟ್ಟ ಸಂಗತಿಗಳು ಬೇರೆ ಹೆಚ್ಚೇನೂ ಇರುವುದಿಲ್ಲ. ಜಡೆಯನ್ನು ಎತ್ತಿಡಬೇಕೆಂದರೆ ಎತ್ತಿಡಿ. ಪೂರ್ತಿ ತೆಗೆಸುವಾಗ ಮಾತ್ರ ಕ್ಷೌರದ ಕತ್ತಿ, ಬ್ಲೇಡು ಸುತರಾಂ ಬೇಡ. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಕಡಿಮೆಯಾಗಿರುವಾಗ ಸಣ್ಣ ಗೀರೂ ಸೋಂಕಿಗೆ, ರಕ್ತಸ್ರಾವಕ್ಕೆ ದಾರಿ. ಶುದ್ಧಗೊಳಿಸಿದ ಟ್ರಿಮ್ಮರ್ ಬಳಸಿ, ಅದೂ ವೈದ್ಯರನ್ನು ಕೇಳಿಯೇ.

ಮಗುವಿನ ಜೊತೆಗೆ ಅಪ್ಪನೂ ತಲೆ ಬೋಳಿಸಿಕೊಳ್ಳುವ ವಿಡಿಯೊ ನೋಡಿರುತ್ತೀರಿ. ಪ್ರೀತಿಯೇನೋ ಸರಿ, ಮೊದಲು ಮಗಳನ್ನು ಕೇಳಿ. ಕೆಲವು ಮಕ್ಕಳಿಗೆ ಅಪ್ಪ ಎಂದಿನ ಅಪ್ಪನಂತೆಯೇ ಇರಬೇಕು. ನಮ್ಮಲ್ಲಿ ಬೋಳಿಸಿಕೊಂಡ ಗಂಡಸನ್ನು ಕಂಡರೆ ‘ಯಾರು ಹೋದರು?’ ಎಂದು ಕೇಳುವವರೂ ಇದ್ದಾರೆ; ಆ ಪ್ರಶ್ನೆ ಅವಳ ಕಿವಿಗೆ ಬೀಳಬಾರದು.

ಕೂದಲಿಲ್ಲದ ತಲೆಗೆ ಬೇಗ ಚಳಿಯಾಗುತ್ತದೆ, ಬಿಸಿಲೂ ತಾಗುತ್ತದೆ. ಹಳೆಯ ಹತ್ತಿ ಸೀರೆಯಲ್ಲಿ ಅಜ್ಜಿ ಹೊಲಿದುಕೊಟ್ಟ ಕುಲಾವಿ ಅಂಗಡಿಯ ವಿಗ್ಗಿಗಿಂತ ಮೇಲು. ವಿಗ್ ಕಡಿಯುತ್ತದೆ, ಈ ವಯಸ್ಸಿನವರು ಕಿತ್ತೆಸೆಯುತ್ತಾರೆ. (ಅತ್ತೆಯವರಿಗೂ ಒಂದು ಕೆಲಸ ಸಿಕ್ಕಂತಾಯಿತು.) ಈರುಳ್ಳಿ ರಸ, ನಾಟಿ ಎಣ್ಣೆ ಹಚ್ಚಿದರೆ ಉದುರುವುದು ನಿಲ್ಲುವುದಿಲ್ಲ, ಎಳೆ ಚರ್ಮ ಉರಿಯುತ್ತದೆ ಅಷ್ಟೆ. ಕನ್ನಡಿಯನ್ನು ಬಚ್ಚಿಡಬೇಡಿ. ಕೀಮೋ ಜೊತೆಗೆ ಕೊಡುವ ಸ್ಟಿರಾಯ್ಡ್‌ನಿಂದ ಮುಖವೂ ಊದಿಕೊಳ್ಳಬಹುದು, ಅದನ್ನೂ ಮೊದಲೇ ಹೇಳಿರಿ.

ಬೀದಿಯಲ್ಲಿ ಯಾರಾದರೂ ‘ತಿರುಪತಿಗೆ ಹೋಗಿದ್ರಾ?’ ಎಂದರೆ ‘ಔಷಧಿ ನಡೀತಿದೆ’ ಎಂದು ಮುಂದೆ ನಡೆಯಿರಿ. ಮಗಳೆದುರು ಹೊರಗಿನವರಿಗೊಂದು, ಅವಳಿಗೊಂದು ಮಾತು ಬೇಡ.

ಎಎಲ್‌ಎಲ್‌ನಲ್ಲಿ ಮೊದಲಿನ ಬಿರುಸಿನ ಹಂತಗಳು ಮುಗಿದು ಮಾತ್ರೆಯೇ ಹೆಚ್ಚಿರುವ ಮೇಂಟೆನೆನ್ಸ್ ಹಂತ ಬಂದಾಗ, ಚಿಕಿತ್ಸೆ ಇನ್ನೂ ನಡೆಯುತ್ತಿರುವಾಗಲೇ, ಸಾಮಾನ್ಯವಾಗಿ ಕೂದಲು ಮರಳಿ ಬರುತ್ತದೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಕೆಲವೊಮ್ಮೆ ಗುಂಗುರಾಗಿ, ಬಣ್ಣ ಬೇರೆಯಾಗಿ. ಮಧ್ಯೆ ಒಮ್ಮೆ ಬಂದು ಮತ್ತೆ ಉದುರುವುದೂ ಉಂಟು. ತಲೆಗೆ ಹೆಚ್ಚು ಪ್ರಮಾಣದ ರೇಡಿಯೇಷನ್ ಕೊಟ್ಟ ಕಡೆ ಮಾತ್ರ ಕೂದಲು ಬಾರದೇ ಹೋಗಬಹುದು. ನಿಮ್ಮ ಮಗಳಿಗೆ ಅದರ ಅಗತ್ಯವಿದೆಯೇ ಎಂದು ವೈದ್ಯರನ್ನು ಕೇಳಿಕೊಳ್ಳಿ.

ಕೀಮೋ ಶುರುವಾಗಿ ಒಂದು ವಾರವಾಗಿದೆ ಎಂದಿದ್ದೀರಿ. ಉದುರುವುದಕ್ಕೆ ಇನ್ನು ಕೆಲವೇ ದಿನಗಳು ಉಳಿದಿರಬಹುದು. ಇವತ್ತೇ ಹೇಳಿಬಿಡಿ.