ಯಂತ್ರಕ್ಕೆ ನೋಟವನ್ನು ಕಲಿಸುವ ಬಗೆ

ಕಳೆದ ವರ್ಷ ನಮ್ಮ ಬಾಲಕಿಯರನ್ನು ಯಲಹಂಕಕ್ಕೆ ಕರೆದೊಯ್ಯುತ್ತಿದ್ದಾಗ ಹೆಬ್ಬಾಳದ ಮೇಲ್ಸೇತುವೆಯ ಬಳಿ ಬಸ್ಸು ಬಹಳ ಹೊತ್ತು ನಿಂತಿತು. ಒಬ್ಬಳು ಕಂಬದ ಮೇಲಿನ ಕ್ಯಾಮರಾವನ್ನು ತೋರಿಸಿ, “ಮಿಸ್, ಅದಕ್ಕೆ ನಾವು ಕಾಣುತ್ತೇವೆಯೇ?” ಎಂದು ಕೇಳಿದಳು. ಆಗ ನಾವು ಕೊಟ್ಟ ಉತ್ತರವು ಅರೆಬರೆಯಾಗಿತ್ತು. ಅದನ್ನು ಇಲ್ಲಿ ಪೂರ್ಣಗೊಳಿಸುತ್ತೇವೆ.

ಚೌಕಳಿ ಹಾಳೆಯನ್ನು ನೋಡಿ ಮನೆಗಳನ್ನೆಣಿಸುತ್ತ ಕಸೂತಿ ಹಾಕಿದ ಪೂರ್ವವಿದ್ಯಾರ್ಥಿನಿಯರಿಗೆ ಈ ವಿಷಯವು ಕಠಿನವಾಗಲಾರದು. ಗಣಕಯಂತ್ರಕ್ಕೆ ಚಿತ್ರವೆಂದರೆ ಅಂತಹದೇ ಹಾಳೆ. ಪ್ರತಿಯೊಂದು ಮನೆಯಲ್ಲಿಯೂ ಕೆಂಪು, ಹಸುರು, ನೀಲಿಗಳ ಪ್ರಮಾಣವನ್ನು ಸೂಚಿಸುವ ಮೂರು ಅಂಕಿಗಳು, ಸಾಮಾನ್ಯವಾಗಿ 0ಯಿಂದ 255ರೊಳಗಿನವು. ನೆರೆಯ ಅಂಕಿಗಳ ಅಂತರದಿಂದ ಅಂಚು, ಅಂಚುಗಳಿಂದ ವೃತ್ತ, ವೃತ್ತದಿಂದ ಚಕ್ರ, ಹೀಗೆ ಯಂತ್ರವು ವಸ್ತುವಿನವರೆಗೆ ಏರುತ್ತದೆ. ಈ ಮೆಟ್ಟಲುಗಳನ್ನು ಯಾರೂ ಅದಕ್ಕೆ ಬಾಯಿಪಾಠ ಮಾಡಿಸುವುದಿಲ್ಲ. ಹೆಸರು ಬರೆದ ಸಹಸ್ರಾರು ಚಿತ್ರಗಳನ್ನು ಮುಂದಿಡುತ್ತಾರೆ; ಅದು ಊಹಿಸುತ್ತದೆ; ತಪ್ಪಿದಾಗಲೆಲ್ಲ ಅದರ ಒಳಲೆಕ್ಕವು ಕಿಂಚಿತ್ತು ತಿದ್ದಲ್ಪಡುತ್ತದೆ.

ಆದುದರಿಂದ ಪಾಠದ ಚಿತ್ರಗಳು ಯಾವ ಊರಿನವೆಂಬುದೇ ಮುಖ್ಯ. 2016ರಲ್ಲಿ ಪ್ರಕಟವಾದ ‘ಸಿಟಿಸ್ಕೇಪ್ಸ್’ ಎಂಬ ಪ್ರಸಿದ್ಧ ಸಂಗ್ರಹವು ಜರ್ಮನಿ ಹಾಗೂ ನೆರೆನಾಡಿನ 50 ನಗರಗಳದು. ಅದರ ಪಟ್ಟಿಯಲ್ಲಿ ಆಟೋರಿಕ್ಷಾ ಎಂಬ ಹೆಸರೇ ಇಲ್ಲ! ಅಲ್ಲಿ ಮಾತ್ರ ಓದಿದ ಯಂತ್ರವು ನಮ್ಮ ಆಟೋವನ್ನು ಕಾರೆಂದೋ ಮತ್ತೊಂದೆಂದೋ ಕರೆಯದೆ ಏನು ಮಾಡೀತು? (ನಮ್ಮ ಬಾಲ್ಯದ ಇಂಗ್ಲಿಷ್ ಪಾಠಗಳಲ್ಲಿಯೂ ಹಿಮವಿತ್ತು, ರಾಗಿಯ ಹೊಲವಿರಲಿಲ್ಲ.) ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯವರು ಇಂಟೆಲ್ ಸಂಸ್ಥೆಯೊಡಗೂಡಿ ಈ ಕೊರತೆಯನ್ನು ನೀಗಲು ಹೊರಟರು. ಅವರು 2018ರಲ್ಲಿ ವರದಿಮಾಡಿದ ಸಂಗ್ರಹದಲ್ಲಿ ಹೈದರಾಬಾದು, ಬೆಂಗಳೂರು ಮತ್ತು ಅವುಗಳ ಹೊರವಲಯದ ರಸ್ತೆಗಳ ಸುಮಾರು 10,000 ಚಿತ್ರಗಳಿವೆ, ಹೆಸರುಗಳು 34. ಆಟೋವಿಗೂ ಪ್ರಾಣಿಗಳಿಗೂ ಅಲ್ಲಿ ಸ್ವಂತ ಹೆಸರುಂಟು. ಡಾಂಬರಿನ ಪಕ್ಕದಲ್ಲಿ ವಾಹನವು ಇಳಿಯಬಹುದಾದ ಮಣ್ಣಿನ ಅಂಚಿಗೂ ಬೇರೆ ಹೆಸರಿದೆ. ನಮ್ಮ ರಸ್ತೆಗಳನ್ನು ಬಲ್ಲವರ ಕೆಲಸವಿದೆಂದು ಅದೊಂದರಿಂದಲೇ ತಿಳಿಯುತ್ತದೆ.

ಪೋಷಕರಿಗೂ ಇದರಿಂದ ಪ್ರಯೋಜನವಿದೆ. 2022ರ ಡಿಸೆಂಬರಿನಿಂದ ನಮ್ಮ ನಗರದ ಪ್ರಮುಖ ಕೂಡುರಸ್ತೆಗಳಲ್ಲಿ ಇಂತಹ ಯಂತ್ರಗಳು ಹೆಲ್ಮೆಟ್ಟನ್ನೂ ಸೀಟ್ ಬೆಲ್ಟನ್ನೂ ಗಮನಿಸುತ್ತಿವೆ. ಕಪ್ಪು ಅಂಗಿಯ ಮೇಲೆ ಕಪ್ಪು ಪಟ್ಟಿಯಿದ್ದರೆ ಅಂಕಿಗಳ ಅಂತರವು ಅತ್ಯಲ್ಪ. ಯಂತ್ರವು ಎಡವುವುದು ಇಂತಹ ಕಡೆಯಲ್ಲಿಯೇ. ದಂಡದ ಸೂಚನೆ ಬಂದರೆ ಸಿಟ್ಟಾಗುವ ಮೊದಲು, ಹಣ ಕಟ್ಟುವ ಮೊದಲೂ, ಚಿತ್ರವನ್ನು ತರಿಸಿ ತಮ್ಮ ಕಣ್ಣಿನಿಂದಲೇ ನೋಡತಕ್ಕದ್ದು.

ಮೊನ್ನೆ ಅದೇ ಬಾಲಕಿಗೆ ಆಟೋವಿನ ಚಿತ್ರವೊಂದನ್ನು ಮುಕ್ಕಾಲು ಮುಚ್ಚಿ ತೋರಿಸಿದೆವು. ಹಳದಿ ಮೇಲ್ಗವಸಿನ ತುದಿಯನ್ನು ಕಂಡೊಡನೆಯೇ ಆಟೋ ಎಂದಳು, ಬಳಿಕ, “ಇಷ್ಟಕ್ಕೆ ಯಂತ್ರಕ್ಕೆ ಎಷ್ಟು ಚಿತ್ರ ಬೇಕು, ಮಿಸ್?” ಎಂದಳು.