ಬೆಂಕಿಗೆ ಮುಂಚಿನ ಕೆಲಸ

ಅಗ್ನಿಶಾಮಕ ಠಾಣೆಯೆಂದೊಡನೆ ಕೆಂಪು ವಾಹನ, ಗಂಟೆಯ ಸದ್ದು, ಶಿರಸ್ತ್ರಾಣ ಧರಿಸಿ ಓಡುವ ಜನ, ಇಷ್ಟೇ ಸಾಮಾನ್ಯರ ಕಣ್ಣಮುಂದೆ ಬರುವುದು ಸಹಜವಾದರೂ, ಬಯಲುಸೀಮೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಬಹುಕಾಲ ಠಾಣಾಧಿಕಾರಿಯಾಗಿದ್ದು ಈಗ ವಿಶ್ರಾಂತನಾಗಿರುವ ನನಗೆ, ಆ ಠಾಣೆಯ ಮುಖ್ಯವಾದ ಕಾರ್ಯವು ವಾಹನ ಹೊರಡದ ದಿನಗಳಲ್ಲಿಯೇ ನಡೆಯತಕ್ಕದ್ದೆಂಬುದು ಅನುಭವದಿಂದ ದೃಢಪಟ್ಟ ಸಂಗತಿಯಾಗಿದೆ.

ಇದಕ್ಕೆ ಆಧಾರ ಸರಳವಾದೊಂದು ಲೆಕ್ಕ. ನಮ್ಮ ಜಲವಾಹನದ ತೊಟ್ಟಿಯಲ್ಲಿದ್ದುದು 4500 ಲೀಟರ್ ನೀರು. ಎರಡು ಹೋಸುಗಳನ್ನು ಪೂರ್ಣವಾಗಿ ತೆರೆದರೆ ಅದು ಹತ್ತು ನಿಮಿಷವೂ ಬಾರದು. ತಾಲ್ಲೂಕಿನ ಅಂಚಿನ ಹಳ್ಳಿಯನ್ನು ಮುಟ್ಟಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಒಣಗಿದ ಜೋಳದ ಕಣಿಕೆಯ ಬಣವೆಯಾದರೋ ಗಾಳಿ ಬೀಸಿದರೆ ಅಷ್ಟು ಹೊತ್ತು ಕಾಯುವುದಿಲ್ಲ. “ಸಾಹೇಬ್ರ, ನಿಮ್ಮ ಗಾಡಿ ಬರೂದ್ರಾಗ ಬೂದಿ ಆಗಿರ್ತದರೀ” ಎಂದು ಅಜ್ಜಿಯೊಬ್ಬಳು ನಗುತ್ತ ಹೇಳಿದ ಮಾತಿನಲ್ಲಿ ನಿಂದೆಯಿರಲಿಲ್ಲ, ವಸ್ತುಸ್ಥಿತಿಯಿತ್ತು.

ಆದಕಾರಣ ಠಾಣೆಯಲ್ಲಿ ಒಂದು ವಹಿಯನ್ನಿರಿಸಿ, ಯಾವ ಸೇತುವೆ ತುಂಬಿದ ವಾಹನದ ಭಾರವನ್ನು ತಾಳೀತು, ಯಾವ ಓಣಿಯಲ್ಲಿ ಚಪ್ಪರ ಹಾಕಿದರೆ ದಾರಿಯೇ ಇಲ್ಲವಾಗುವುದು, ಯಾವ ಕೊಳವೆಬಾವಿಯಿಂದ ಬೇಸಿಗೆಯಲ್ಲಿಯೂ ನೀರು ದೊರೆತೀತು, ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂಬುದನ್ನೆಲ್ಲ ಬರೆದಿಡತೊಡಗಿದೆವು. ಈ ಜ್ಞಾನವು ಯಾವ ಕಛೇರಿಯ ಕಡತದಲ್ಲಿಯೂ ಇರಲಿಲ್ಲ. ನೀರಿನ ವಿಷಯವನ್ನು ನೀರುಗಂಟಿ ಬಲ್ಲ. ಜೋತುಬಿದ್ದ ತಂತಿಗಳನ್ನು ಲೈನ್‌ಮನ್ ಬಲ್ಲ. ಮನೆಯೊಳಗಿನ ಅಶಕ್ತರನ್ನು ಅಂಗನವಾಡಿಯ ಕಾರ್ಯಕರ್ತೆ ಬಲ್ಲಳು. ಇವರ ಸ್ನೇಹವನ್ನು ಸಂಪಾದಿಸದ ಠಾಣೆಯು ಎಷ್ಟು ಯಂತ್ರೋಪಕರಣಗಳಿದ್ದರೂ ತನ್ನ ಊರನ್ನರಿಯದ ಠಾಣೆಯೇ ಸರಿ.

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಹತ್ತಿಯ ಬೇಲುಗಳನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ತುಂಬಿಕೊಂಡಿದ್ದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ಸಿಡಿದು, ಅದಕ್ಕೆ ಹತ್ತಿದ್ದ ಬೆಂಕಿಯನ್ನು ನಂದಿಸಲು ಹೋಗಿದ್ದ 66 ಮಂದಿ ಅಗ್ನಿಶಾಮಕರು ಮಡಿದರು. ಅವರ ಸ್ಮರಣೆಗಾಗಿಯೇ ದೇಶದಲ್ಲೆಲ್ಲ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸುವುದು. ನಮ್ಮೂರಿನ ಹತ್ತಿ ಗಿರಣಿಯ ಯಜಮಾನರಿಗೆ ಈ ವೃತ್ತಾಂತವನ್ನು ಹೇಳಿ, ಬೇಲಿನ ಒಡಲಲ್ಲಿ ಹೊಕ್ಕ ಕಿಡಿ ದಿನಗಟ್ಟಲೆ ಒಳಗೊಳಗೇ ಹೊಗೆಯಾಡಬಲ್ಲುದೆಂದು ವಿವರಿಸಿದರೆ, ಅವರು ಬೇರೆ ಉಪದೇಶವನ್ನು ಬೇಡುತ್ತಿರಲಿಲ್ಲ. ಆದರೆ ರೈತನ ಮಟ್ಟಿಗೆ ಈ ಸಪ್ತಾಹವು ತಡವಾಗಿ ಬರುವ ಅತಿಥಿ. ಅಷ್ಟರಲ್ಲಿ ಸುಗ್ಗಿ ಮುಗಿದು ಬಣವೆಗಳನ್ನು ಒಟ್ಟಿಯಾಗಿರುತ್ತದೆ. ಒಟ್ಟಿದ ಬಣವೆಯನ್ನು ತಂತಿಯ ಕೆಳಗಿನಿಂದ ಸರಿಸೆಂದರೆ ಆಳಿನ ಕೂಲಿಯನ್ನು ಯಾರು ಕೊಡುವರು? ಅದೇ ಮಾತನ್ನು ಕಟಾವಿಗೆ ಮುಂಚೆ, ಕಣದ ಜಾಗವನ್ನು ಗೊತ್ತುಮಾಡುವ ವೇಳೆಯಲ್ಲಿ ಹೇಳಿದರೆ, ದೊಡ್ಡದೊಂದರ ಬದಲು ಚಿಕ್ಕವೆರಡನ್ನು ನಡುವೆ ತೆರಪು ಬಿಟ್ಟು, ಮನೆಯಿಂದಲೂ ತಂತಿಯಿಂದಲೂ ದೂರ ಒಟ್ಟಲು ಯಾರ ಆಕ್ಷೇಪವೂ ಇರಲಿಲ್ಲ. ಹಿತವಚನಕ್ಕೂ ಬಿತ್ತನೆಗಿರುವಂತೆ ಹದವುಂಟೆಂಬುದನ್ನು ನಾನು ಕಲಿತದ್ದು ಹೀಗೆ.

ಹೇಳುವವರು ಯಾರೆಂಬುದೂ ಅಷ್ಟೇ ಮುಖ್ಯ. ಅಂಗನವಾಡಿಯ ಅಂಗಳದಲ್ಲಿ ಗ್ಯಾಸ್ ಸಿಲಿಂಡರಿನ ಬಾಯಿಗೆ ಬೆಂಕಿ ಹೊತ್ತಿಸಿ ತೋರಿಸುವಾಗ ಹೆಂಗಸರು ಮಕ್ಕಳನ್ನೆಳೆದುಕೊಂಡು ಹಿಂದಕ್ಕೆ ಸರಿಯುತ್ತಿದ್ದರು. ನಮ್ಮ ಫೈರ್‌ಮನ್ ಗೋಣಿಚೀಲವನ್ನು ನೀರಿನಲ್ಲದ್ದಿ, ಸೋರದಂತೆ ಹಿಂಡಿ, ಎರಡು ಮೂಲೆಗಳನ್ನು ತನ್ನ ಬೆರಳುಗಳೇ ಮುಚ್ಚುವಂತೆ ಒಳಕ್ಕೆ ಮಡಿಸಿ ಮುಖಕ್ಕೆ ಅಡ್ಡವಾಗಿ ಹಿಡಿದು, ಗಾಳಿ ಬೆನ್ನಿಗೆ ಬರುವ ದಿಕ್ಕಿನಿಂದ ನಡೆದು, ಜ್ವಾಲೆಯ ಮೇಲೆ ಹೊದಿಸಿ ಗುಂಡಿಯನ್ನು ತಿರುಗಿಸುವನು, ಬೆಂಕಿ ಆರಿಹೋಗುವುದು. ಇಷ್ಟಕ್ಕೇ ನಿಲ್ಲಿಸಿದರೆ ಅದು ಕೇವಲ ಕಣ್‌ಕಟ್ಟು. ನೆರೆದವರಲ್ಲಿ ಒಬ್ಬಾಕೆ ಸೆರಗು ಸಿಕ್ಕಿಸಿ ಮುಂದೆ ಬಂದು ತಾನೇ ಅದನ್ನು ಮಾಡಿದ ದಿನ ಆ ಓಣಿಯ ಪಾಠ ಪೂರ್ಣವಾಗುತ್ತಿತ್ತು. ಈ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದ ಮೇಲೆಯೇ ಹರಡುವುದೆಂದೂ, ವಾಸನೆ ಬಂದಾಗ ಬಾಗಿಲು ತೆರೆಯಬೇಕಲ್ಲದೆ ಸ್ವಿಚ್ಚನ್ನು ಹಾಕಲೂ ಕೂಡದು, ಆರಿಸಲೂ ಕೂಡದೆಂದೂ ಆಮೇಲೆ ಆಕೆಯೇ ನೆರೆಹೊರೆಗೆ ಸಾರುತ್ತಿದ್ದಳು.

ಎಲ್ಲಕ್ಕಿಂತ ಕಠಿನವಾದುದು ಬಾಗಿಲುಗಳ ವಿಷಯ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ ತೊಂಬತ್ತಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಮಕ್ಕಳೇ, ಅಳಿದರು. 2010ರ ಫೆಬ್ರವರಿ 23ರಂದು ಅದೇ ನಗರದ ಕಾರ್ಲ್‌ಟನ್ ಟವರ್ಸಿನಲ್ಲಿ ಹೊಗೆಯನ್ನು ತಾಳಲಾರದೆ ಮೇಲಂತಸ್ತುಗಳಿಂದ ಧುಮುಕಿದವರೂ ಸೇರಿ ಒಂಬತ್ತು ಮಂದಿ ಸತ್ತರು. ಹೊರಬೀಳುವ ದಾರಿ ಸುಗಮವಾಗಿಲ್ಲದೆಡೆ ಜ್ವಾಲೆಗಿಂತ ಮೊದಲು ಹೊಗೆಯೂ ನೂಕುನುಗ್ಗಲೂ ಕೊಲ್ಲುತ್ತವೆ. ಹೀಗಿದ್ದರೂ ನಾನು ಪರಿಶೀಲಿಸಿದ ಕಲ್ಯಾಣಮಂಟಪವೊಂದರಲ್ಲಿ, ಅಡುಗೆಮನೆಯ ಪಾತ್ರೆಗಳು ಕಳುವಾದಾವೆಂದು ಹಿಂಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ವ್ಯವಸ್ಥಾಪಕರು ತಮ್ಮ ಮನೆಯಲ್ಲಿಟ್ಟುಕೊಂಡಿದ್ದರು. ಬೀಗದ ಬದಲು ಒಳಗಿನಿಂದ ತೆಗೆಯಬಹುದಾದ ಅಗುಳಿಯನ್ನು ಹಾಕಿಸಿದರೆ ಪಾತ್ರೆಗಳೂ ಉಳಿಯುವುವು, ನೆಂಟರೂ ಉಳಿಯುವರೆಂದು ಹೇಳಿದ ಮೇಲೆ ಒಪ್ಪಿದರು. ಪಾತ್ರೆಯ ಚಿಂತೆಯನ್ನು ಅಲ್ಲಗಳೆದಿದ್ದರೆ ಒಪ್ಪುತ್ತಿರಲಿಲ್ಲ.

ಬೆಂಕಿ ಹತ್ತಿದ ಮೇಲೆ ನಮಗಿರುವ ಅಧಿಕಾರ ದೊಡ್ಡದು: ಬಾಗಿಲನ್ನು ಒಡೆಯಬಹುದು, ಬೀದಿಯನ್ನು ಮುಚ್ಚಬಹುದು, ಸಿಕ್ಕ ನೀರನ್ನು ಬಳಸಬಹುದು. ಹತ್ತುವ ಮೊದಲು ಬಡವನ ಅಂಗಳದಲ್ಲಿ ನಮಗಿರುವುದು ಮಾತೊಂದೇ. ಆ ಮಾತಿಗೆ ಬೆಲೆ ತರುವ ವಿಶ್ವಾಸವನ್ನು ವರುಷಗಳ ಓಡಾಟದಿಂದಲೇ ಗಳಿಸಬೇಕಾಗುವುದು. ಇಲಾಖೆಗೆ ಹೊಸದಾಗಿ ಸೇರುವ ತರುಣರು ಹೋಸು ಹಿಡಿಯುವುದನ್ನು ಕಲಿಯುವಷ್ಟೇ ಶ್ರದ್ಧೆಯಿಂದ ತಮ್ಮ ಊರಿನ ಕಟ್ಟೆಗಳ ಮೇಲೆ ಕುಳಿತು ಮಾತನಾಡುವುದನ್ನೂ ಕಲಿಯಲಿ.

ಓದುಗರಲ್ಲಿ ನನ್ನ ಬಿನ್ನಹವಿಷ್ಟೆ. ಬೆಂಕಿ ಕಂಡೊಡನೆ, ನಾವೇ ಆರಿಸುತ್ತೇವೆಂದು ಕಾಲ ಕಳೆಯದೆ ಮೊದಲು 112ಕ್ಕೋ 101ಕ್ಕೋ ಕರೆ ಮಾಡಿರಿ. ಅದಕ್ಕೂ ಮುಂಚೆ, ನೀವು ಮದುವೆಗೆಂದು ಹೋದ ಮಂಟಪದಲ್ಲಿ ಎಲೆಯ ಮುಂದೆ ಕೂರುವ ಮೊದಲು, ಹಿಂಬಾಗಿಲು ತೆರೆಯುವುದೋ ಇಲ್ಲವೋ ಒಮ್ಮೆ ತಳ್ಳಿ ನೋಡಿರಿ.